ಬಿಲ್ಲಿನ ಭಾರ ಮತ್ತು ಗುರಿಯ ನಿಖರತೆ: ದಕ್ಷಿಣ ಭಾರತದ ಯುದ್ಧೇತಿಹಾಸದ ಒಂದು ಪ್ರಶ್ನೆ

ವಿಜಯನಗರದ ಎರಡನೆಯ ದೇವರಾಯನ (1424-1446) ಸೇನಾ ಸುಧಾರಣೆಯನ್ನು ಕುರಿತು ಬರೆದವರಲ್ಲಿ ಹೆಚ್ಚಿನವರು ಫೆರಿಷ್ತಾ ಹೇಳುವ ಒಂದು ಪ್ರಸಂಗವನ್ನು ಉಲ್ಲೇಖಿಸುತ್ತಾರೆ. ವಿಸ್ತಾರದಲ್ಲಿಯೂ ಜನಬಲದಲ್ಲಿಯೂ ಆದಾಯದಲ್ಲಿಯೂ ತನ್ನ ರಾಜ್ಯವೇ ದೊಡ್ಡದಾಗಿದ್ದರೂ ಬಹಮನಿ ಸುಲ್ತಾನರ ಎದುರು ಮತ್ತೆ ಮತ್ತೆ ಸೋಲಾಗಲು ಕಾರಣವೇನೆಂದು ಅರಸನು ತನ್ನ ಪ್ರಧಾನರ ಸಭೆಯಲ್ಲಿ ಕೇಳಿದನೆಂದೂ, ಅವರ ಕುದುರೆಗಳು ಬಲವಾದವು ಹಾಗೂ ಅವರಲ್ಲಿ ನುರಿತ ಬಿಲ್ಲುಗಾರರ ದೊಡ್ಡ ಪಡೆಯಿದೆ ಎಂಬ ಎರಡು ಕಾರಣಗಳು ಅಲ್ಲಿ ಹೊರಬಂದವೆಂದೂ ಫೆರಿಷ್ತಾ ಬರೆಯುತ್ತಾನೆ. ಅನಂತರ ಅರಸನು ಮುಸಲ್ಮಾನ ಯೋಧರನ್ನು ಸೇನೆಗೆ ಸೇರಿಸಿಕೊಂಡು, ಅವರಿಗೆ ಮಸೀದಿ ಕಟ್ಟಿಸಿ, ಅವರಿಂದ ತನ್ನವರಿಗೆ ಬಿಲ್ವಿದ್ಯೆ ಕಲಿಸಿದನಂತೆ. ಹೀಗೆ 2,000 ಮುಸಲ್ಮಾನರೂ 60,000 ಹಿಂದೂಗಳೂ ಬಿಲ್ಲಿನಲ್ಲಿ ಪಳಗಿದರು ಎಂಬುದು ಅವನ ಲೆಕ್ಕ. 1900ರಲ್ಲಿ ರಾಬರ್ಟ್ ಸಿವೆಲ್ ತನ್ನ ಗ್ರಂಥದಲ್ಲಿ ಇದನ್ನು ಬಳಸಿಕೊಂಡ ಮೇಲೆ ಈ ಪ್ರಸಂಗವು ಕನ್ನಡ ಇತಿಹಾಸ ಗ್ರಂಥಗಳಲ್ಲಿಯೂ ನೆಲೆಯೂರಿತು.

ಇದರಿಂದ ಸಾಮಾನ್ಯವಾಗಿ ತೆಗೆಯುವ ತೀರ್ಮಾನ ಒಂದೇ: ದಕ್ಷಿಣದವರ ಬಿಲ್ಲು ಕೀಳು, ಉತ್ತರದಿಂದ ಬಂದವರ ಬಿಲ್ಲು ಮೇಲು. ಕೆಲವರು ಇನ್ನೂ ಮುಂದೆ ಹೋಗಿ, ಇಲ್ಲಿಯವರು ಬಿದಿರಿನ 'ಹಗುರ' ಬಿಲ್ಲನ್ನೂ ಅಲ್ಲಿಯವರು ಕೊಂಬು ನರಗಳ 'ಭಾರಿ' ಬಿಲ್ಲನ್ನೂ ಹಿಡಿದಿದ್ದರೆಂದು ವಿವರಿಸುತ್ತಾರೆ. ಪ್ರಸ್ತುತ ಲೇಖನವು ಈ 'ಹಗುರ' ಮತ್ತು 'ಭಾರಿ' ಎಂಬ ಎರಡು ಮಾತುಗಳನ್ನು ಪರಿಶೀಲಿಸುತ್ತದೆ. ಬಿಲ್ಲಿನ ಭಾರವೆಂದರೆ ಏನು, ಅದು ಗುರಿಯ ಮೇಲೆ ಯಾವ ಪರಿಣಾಮ ಬೀರುತ್ತದೆ ಎಂಬುದು ಸ್ಪಷ್ಟವಾಗದೆ ಫೆರಿಷ್ತಾನ ಹೇಳಿಕೆಯನ್ನು ತೂಗಿನೋಡಲು ಸಾಧ್ಯವಿಲ್ಲ.

ಮೊದಲು ಪದದ ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಬಿಲ್ಲಿನ ವಿಷಯದಲ್ಲಿ ತೂಕ ಎಂಬುದಕ್ಕೆ ಎರಡು ಅರ್ಥಗಳಿವೆ. ಹೆದೆಯನ್ನು ಪೂರ್ತಿ ಸೆಳೆಯಲು ಬೇಕಾಗುವ ಬಲ ಒಂದು. ಬಿಲ್ಲನ್ನು ತಕ್ಕಡಿಗೆ ಹಾಕಿದರೆ ಬರುವ ತೂಕ ಇನ್ನೊಂದು. ಪಾಶ್ಚಾತ್ಯ ಬರಹಗಳಲ್ಲಿ ಬಿಲ್ಲಿನ ತೂಕ ಎಂದಾಗ ಬಹುಪಾಲು ಮೊದಲನೆಯದೇ ಉದ್ದಿಷ್ಟ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಮೇರಿ ರೋಸ್ ಎಂಬ ಇಂಗ್ಲಿಷ್ ಯುದ್ಧನೌಕೆಯಲ್ಲಿ ದೊರೆತ ಬಿಲ್ಲುಗಳನ್ನು ಐವತ್ತು, ಅರವತ್ತು, ಎಪ್ಪತ್ತು ಕಿಲೋಗ್ರಾಮಿನವು ಎಂದು ವರ್ಣಿಸುವಾಗ ಅದು ಸೆಳೆತದ ಅಂದಾಜು. ಸುಮಾರು ಎರಡು ಮೀಟರ್ ಉದ್ದದ ಆ ಮರದ ಬಿಲ್ಲುಗಳನ್ನು ಒಂದು ಕೈಯಲ್ಲಿ ಸಲೀಸಾಗಿ ಎತ್ತಬಹುದು. ನಮ್ಮ ಕಾವ್ಯಪರಂಪರೆಯಲ್ಲಿ ಈ ಎರಡೂ ಅರ್ಥಗಳು ಬೆರೆತುಹೋಗಿವೆ. ವಾಲ್ಮೀಕಿ ರಾಮಾಯಣದಲ್ಲಿ ಜನಕನ ಮನೆಯ ಶಿವಧನುಸ್ಸು ಎಂಟು ಗಾಲಿಗಳ ಪೆಟ್ಟಿಗೆಯಲ್ಲಿ ಐದು ಸಾವಿರ ಜನರಿಂದ ಎಳೆಯಲ್ಪಟ್ಟು ಬರುತ್ತದೆ. ಇದು ತಕ್ಕಡಿಯ ತೂಕ. ದ್ರೌಪದಿಯ ಸ್ವಯಂವರದಲ್ಲಿ ಅರಸರು ಹೆದೆಯೇರಿಸಲಾರದೆ ಹಿಮ್ಮೆಟ್ಟುತ್ತಾರೆ. ಇದು ಬಿಗುವಿನ ತೂಕ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಮತ್ಸ್ಯಯಂತ್ರಕ್ಕೆ ಗುರಿಯಿಟ್ಟ ಅರ್ಜುನನನ್ನು ಕಡೆದ ಶಿಲ್ಪಿಗೆ ಈ ಎರಡರಲ್ಲಿ ಯಾವುದೂ ಅಡ್ಡಿಯಾಗಿಲ್ಲ. ಇತಿಹಾಸಕಾರನಿಗೆ ಆ ಸ್ವಾತಂತ್ರ್ಯವಿಲ್ಲ.

ಸೆಳೆತದ ಬಲವನ್ನು ಸಮಾನವೆಂದು ಇಟ್ಟುಕೊಂಡು, ತಕ್ಕಡಿಯ ತೂಕ ಮಾತ್ರ ಬದಲಾದರೆ ಏನಾಗುತ್ತದೆ? ಹೆದೆ ಬಿಟ್ಟ ಕ್ಷಣದಿಂದ ಬಾಣ ಹೆದೆಯಿಂದ ಕಳಚಿಕೊಳ್ಳುವವರೆಗೆ ಒಂದು ಸೆಕೆಂಡಿನ ಅರುವತ್ತನೆಯ ಒಂದು ಭಾಗದಷ್ಟು ಕಾಲ ಹಿಡಿಯುತ್ತದೆ. ಈ ಅಲ್ಪಾವಧಿಯಲ್ಲಿ ಬಿಲ್ಲು ಹಿಡಿದ ಕೈ ಪಕ್ಕಕ್ಕೆ ಅಲುಗಿದರೆ ಬಾಣದ ದಿಕ್ಕು ಕೆಡುತ್ತದೆ. ಬಿಲ್ಲಿನ ಜಡತ್ವ ಆ ಅಲುಗಾಟವನ್ನು ತಡೆಯುತ್ತದೆ. ಒಂದು ಸ್ಥೂಲ ಲೆಕ್ಕವನ್ನು ನೋಡಬಹುದು. ಕೈಯ ದ್ರವ್ಯರಾಶಿಯನ್ನು ಸದ್ಯಕ್ಕೆ ಬದಿಗಿಟ್ಟು, 5 ನ್ಯೂಟನ್ ಅಡ್ಡಬಲ ಬಿಲ್ಲಿನ ಹಿಡಿಯ ಮೇಲೆ ಬಿತ್ತೆಂದು ಭಾವಿಸೋಣ. ಅರ್ಧ ಕಿಲೋಗ್ರಾಮಿನ ಬಿಲ್ಲು ಅಷ್ಟರಲ್ಲಿ ಸುಮಾರು 1.4 ಮಿಲಿಮೀಟರ್ ಸರಿಯುತ್ತದೆ. ಒಂದು ಕಿಲೋಗ್ರಾಮಿನದು ಅದರ ಅರ್ಧದಷ್ಟು. ಎಪ್ಪತ್ತು ಸೆಂಟಿಮೀಟರ್ ಬಾಣದ ಮುಂತುದಿಯಲ್ಲಿ ಈ ವ್ಯತ್ಯಾಸವಾದರೆ 50 ಮೀಟರ್ ದೂರದ ಗುರಿಯಲ್ಲಿ ಮೊದಲನೆಯದು ಸುಮಾರು 10 ಸೆಂಟಿಮೀಟರ್, ಎರಡನೆಯದು ಐದು ಸೆಂಟಿಮೀಟರ್ ತಪ್ಪುತ್ತದೆ. ಕೈಯನ್ನೂ ಲೆಕ್ಕಕ್ಕೆ ಸೇರಿಸಿದರೆ ಅಂತರ ಕಡಿಮೆಯಾಗುತ್ತದೆ, ಆದರೆ ಅಳಿಸಿಹೋಗುವುದಿಲ್ಲ. ಭಾರದ ಬಿಲ್ಲು ಬಿಲ್ಲಾಳಿನ ಸಣ್ಣ ತಪ್ಪನ್ನು ನುಂಗಿಕೊಳ್ಳುತ್ತದೆ ಎಂಬ ಅನುಭವದ ಮಾತಿಗೆ ಇದು ಆಧಾರ.

ಆದರೆ ಭಾರ ಎಲ್ಲಿದೆ ಎಂಬುದು ಎಷ್ಟಿದೆ ಎಂಬುದಕ್ಕಿಂತ ಮುಖ್ಯ. ಹಿಡಿಯ ಬಳಿ ಇರುವ ಭಾರ ಕೈಯನ್ನು ಸ್ಥಿರಗೊಳಿಸುತ್ತದೆ. ಬಾಹುಗಳ ತುದಿಯಲ್ಲಿ, ಅಂದರೆ ಹೆದೆ ಸಿಕ್ಕಿಸುವ ಕೊಪ್ಪಿನ ಬಳಿ ಇರುವ ಭಾರ ಬೇರೆಯೇ ಕೆಲಸ ಮಾಡುತ್ತದೆ. ಸೆಳೆದ ಬಿಲ್ಲಿನಲ್ಲಿ ಅಡಗಿದ ಶಕ್ತಿ ಬಾಣಕ್ಕೆ ಮಾತ್ರವಲ್ಲ, ಮುನ್ನುಗ್ಗುವ ಬಾಹುಗಳಿಗೂ ಹಂಚಿಹೋಗಬೇಕು. ತುದಿ ಭಾರವಾದಷ್ಟೂ ಬಾಣಕ್ಕೆ ಸಿಗುವ ಪಾಲು ಕಡಿಮೆ. ಹಿಕ್‌ಮನ್, ನೇಗ್ಲರ್ ಮತ್ತು ಕ್ಲಾಪ್‌ಸ್ಟೆಗ್ ಎಂಬ ಅಮೆರಿಕದ ತಜ್ಞರ 1947ರ ಸಂಕಲನ ಹಾಗೂ ಡಚ್ ಗಣಿತಜ್ಞ ಕೋಯಿ 1983ರಲ್ಲಿ ಗ್ರೋನಿಂಗನ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧ ಈ ವಿಷಯದಲ್ಲಿ ಮಾರ್ಗದರ್ಶಕವಾದವು.

ವೇಗ ತಗ್ಗಿದರೆ ನಿಖರತೆಗೆ ಏನು ಹಾನಿ ಎಂದು ಕೇಳಬಹುದು. ಅಳತೆ ಗೊತ್ತಿರುವ ಅಭ್ಯಾಸದ ಬಯಲಿನಲ್ಲಿ ಹಾನಿ ಅಲ್ಪ. ಯುದ್ಧದಲ್ಲಿಯೂ ಬೇಟೆಯಲ್ಲಿಯೂ ದೂರವನ್ನು ಕಣ್ಣಳತೆಯಿಂದಲೇ ಅಂದಾಜಿಸಬೇಕು. 55 ಮೀಟರ್ ದೂರದಲ್ಲಿರುವವನನ್ನು 50 ಮೀಟರ್ ಎಂದು ತಿಳಿದು ಎಸೆದರೆ, ಸೆಕೆಂಡಿಗೆ 50 ಮೀಟರ್ ವೇಗದ ಬಾಣ ಗುರಿಗಿಂತ ಸುಮಾರು 54 ಸೆಂಟಿಮೀಟರ್ ಕೆಳಗೆ ತಾಗುತ್ತದೆ. 40 ಮೀಟರ್ ವೇಗದ್ದು ಸುಮಾರು 84 ಸೆಂಟಿಮೀಟರ್ ಕೆಳಗೆ. ಎದೆಗೆ ಇಟ್ಟ ಗುರಿ ಮೊದಲನೆಯದರಲ್ಲಿ ತೊಡೆಗೆ ಬೀಳುತ್ತದೆ, ಎರಡನೆಯದರಲ್ಲಿ ಮೊಣಕಾಲಿನ ಬಳಿ. ಗಾಳಿಯ ತಡೆಯನ್ನು ಇಲ್ಲಿ ಸೇರಿಸಿಲ್ಲ. ಹೀಗಾಗಿ ಒಂದೇ ತೂಕದ ಎರಡು ಬಿಲ್ಲುಗಳಲ್ಲಿ ಹಿಡಿ ದಪ್ಪವಾಗಿ ತುದಿ ಸಣ್ಣಗಿರುವುದು ನಿಖರವಾಗಿಯೂ, ತುದಿ ದಪ್ಪವಾಗಿರುವುದು ಅನಿಖರವಾಗಿಯೂ ಇರಬಹುದು. ವಸ್ತುಸಂಗ್ರಹಾಲಯದ ತಕ್ಕಡಿ ಇವೆರಡನ್ನೂ ಒಂದೇ ಎನ್ನುತ್ತದೆ.

ಇನ್ನೊಂದು ಅಂಶ ದಣಿವು. ಚಾಚಿದ ತೋಳು ತನ್ನ ಭಾರವನ್ನು ತಾನೇ ಹೊರಬೇಕು. ಮೂರು ಕಿಲೋಗ್ರಾಮಿನ ತೋಳಿನ ಭಾರವು ಭುಜದಿಂದ 30 ಸೆಂಟಿಮೀಟರ್ ದೂರದಲ್ಲಿ ಕೇಂದ್ರೀಕೃತವಾಗಿದೆಯೆಂದುಕೊಂಡರೆ, 65 ಸೆಂಟಿಮೀಟರ್ ದೂರದ ಮುಷ್ಟಿಯಲ್ಲಿರುವ ಒಂದು ಕಿಲೋಗ್ರಾಮಿನ ಬಿಲ್ಲು ಭುಜದ ಮೇಲಿನ ಹೊರೆಯನ್ನು ಮುಕ್ಕಾಲು ಪಾಲಿನಷ್ಟು ಹೆಚ್ಚಿಸುತ್ತದೆ. ಮೊದಲ ಹತ್ತು ಬಾಣಗಳಿಗೆ ನೆರವಾದ ಭಾರವೇ ಐವತ್ತನೆಯ ಬಾಣದ ಹೊತ್ತಿಗೆ ಕೈಯನ್ನು ಕೆಳಕ್ಕೆ ಜಗ್ಗುತ್ತದೆ.

ಈ ಹಿನ್ನೆಲೆಯಲ್ಲಿ ಭಾರತದ ಪ್ರಾಚೀನ ಬಿಲ್ಲನ್ನು ನೋಡಬೇಕು. ನಿಯಾರ್ಕಸನನ್ನು ಆಧರಿಸಿ ಅರಿಯನ್ ಕೊಡುವ ವರ್ಣನೆಯ ಪ್ರಕಾರ ಭಾರತದ ಕಾಲಾಳುಗಳ ಬಿಲ್ಲು ಆಳೆತ್ತರದ್ದು. ಅದರ ಒಂದು ತುದಿಯನ್ನು ನೆಲಕ್ಕೂರಿ ಎಡಗಾಲನ್ನು ಒತ್ತಿಕೊಟ್ಟು ಹೆದೆಯನ್ನು ಬಹುದೂರ ಹಿಂದಕ್ಕೆ ಸೆಳೆದು ಬಾಣ ಬಿಡುತ್ತಿದ್ದರು. ಬಾಣ ಮೂರು ಮೊಳಕ್ಕೆ ತುಸು ಕಡಿಮೆ. ಗುರಾಣಿಯಾಗಲಿ ಎದೆಗವಚವಾಗಲಿ ಅದನ್ನು ತಡೆಯಲಾರದು. ಈ ಭಂಗಿಯನ್ನು ಕುರಿತು ವಿದ್ವಾಂಸರಲ್ಲಿ ಸಂಶಯಗಳಿವೆ. ಆದರೆ ಭಾರದ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಒಂದು ತರ್ಕವಿದೆ. ನೆಲಕ್ಕೂರಿದ ಬಿಲ್ಲಿನ ತೂಕವನ್ನು ತೋಳು ಹೊರಬೇಕಿಲ್ಲ, ಭೂಮಿಯೇ ಹೊರುತ್ತದೆ. ಕೆಳತುದಿ ಅಲುಗದಂತೆ ಕಾಲು ತಡೆದುಕೊಂಡಿರುವುದರಿಂದ ಜಡತ್ವದ ಲಾಭವೂ ಸಿಗುತ್ತದೆ. ಆದ್ದರಿಂದ ಎಷ್ಟೇ ಭಾರದ, ಎಷ್ಟೇ ಉದ್ದದ ಬಿಲ್ಲನ್ನಾದರೂ ಬಳಸಬಹುದು. ನಷ್ಟವಿರುವುದು ಬೇರೆಡೆ: ಗುರಿಯನ್ನು ಬದಲಿಸಬೇಕಾದರೆ ಇಡೀ ದೇಹ ಮತ್ತು ಊರಿದ ಬಿಲ್ಲು ಎರಡನ್ನೂ ಸರಿಸಬೇಕು, ಮತ್ತು ಎಲ್ಲವೂ ನೆಲದ ಮೇಲೆ ಅವಲಂಬಿತ. ಕ್ರಿ.ಪೂ. 326ರ ಝೇಲಂ ನದಿಯ ಯುದ್ಧದಲ್ಲಿ ಪೌರವನ ಬಿಲ್ಲುಗಾರರಿಗೆ ಒದಗಿದ್ದು ಇದೇ ವಿಪತ್ತು. ಬಾಣಗಳು ಉದ್ದವೂ ಭಾರವೂ ಆಗಿದ್ದುದರಿಂದ ಬಿಲ್ಲನ್ನು ನೆಲಕ್ಕೂರದೆ ಹೂಡಲಾಗುತ್ತಿರಲಿಲ್ಲ, ಮಳೆಯಿಂದ ನೆಲ ಜಾರುತ್ತಿದ್ದುದರಿಂದ ಊರಲೂ ಆಗಲಿಲ್ಲ ಎಂದು ಕರ್ಟಿಯಸ್ ರೂಫಸ್ ಬರೆದಿದ್ದಾನೆ. ಗೆದ್ದವರ ಕಡೆಯ ಬರಹವೆಂಬ ಎಚ್ಚರ ಇಲ್ಲಿ ಅಗತ್ಯ. ಆದರೂ ಅವನು ದೂರುವುದು ಬಿಲ್ಲನ್ನಲ್ಲ, ಕೆಸರನ್ನು.

ದೇಶೀಯ ಶಾಸ್ತ್ರಗ್ರಂಥಗಳು ಈ ವಿಷಯದಲ್ಲಿ ಊಹೆಗಿಂತ ಹೆಚ್ಚು ವ್ಯವಹಾರಜ್ಞಾನವುಳ್ಳವು. ಕೌಟಿಲ್ಯನ ಅರ್ಥಶಾಸ್ತ್ರ ತಾಳೆ, ಬಿದಿರು, ಮರ, ಕೊಂಬು ಎಂಬ ವಸ್ತುಭೇದದಿಂದ ಬಿಲ್ಲುಗಳನ್ನು ವಿಂಗಡಿಸುತ್ತದೆ. ಅಗ್ನಿಪುರಾಣದ ಧನುರ್ವೇದ ಭಾಗ ಕಾಲಾಳಿಗೆ ನಾಲ್ಕು ಹಸ್ತದ ಬಿಲ್ಲು ಉತ್ತಮ, ಮೂರೂವರೆಯದು ಮಧ್ಯಮ, ಮೂರರದು ಕನಿಷ್ಠ ಎನ್ನುತ್ತದೆ. ಹಸ್ತವನ್ನು 45 ಸೆಂಟಿಮೀಟರ್ ಎಂದು ಹಿಡಿದರೆ ಉತ್ತಮವಾದುದು 1.8 ಮೀಟರ್. ಅದೇ ಪುರಾಣ ಚಿನ್ನ, ಬೆಳ್ಳಿ, ತಾಮ್ರ, ಕಬ್ಬಿಣದ ಬಿಲ್ಲುಗಳನ್ನೂ ಕೊಂಬಿನ ಬಿಲ್ಲುಗಳನ್ನೂ ಹೆಸರಿಸಿ, ಎಲ್ಲಕ್ಕೂ ಮಿಗಿಲಾದುದು ಶರತ್ಕಾಲದಲ್ಲಿ ಕಡಿದ ಬಿದಿರಿನದೆಂದು ತೀರ್ಪು ಕೊಡುತ್ತದೆ. ಮಳೆಗಾಲದ ಬಿದಿರಿನಲ್ಲಿ ನೀರು ತುಂಬಿರುತ್ತದೆ; ಬಿಲ್ಲು ಭಾರವಾಗುತ್ತದೆ, ಆದರೆ ಆ ಭಾರದಲ್ಲಿ ಸ್ಥಿತಿಸ್ಥಾಪಕತೆಯಿಲ್ಲ. ವಾಸಿಷ್ಠ ಧನುರ್ವೇದವೂ ಎಳೆಯ ಬಿದಿರು ಮುರಿಯುತ್ತದೆ, ತೀರ ಹಳೆಯದು ಒರಟಾಗುತ್ತದೆ ಎಂದು ಎಚ್ಚರಿಸುತ್ತದೆ.

ಈ ಲೇಖನದ ಪ್ರಶ್ನೆಗೆ ಅತ್ಯಂತ ಹತ್ತಿರವಾದ ಎರಡು ವಿಧಿಗಳು ವಾಸಿಷ್ಠ ಧನುರ್ವೇದದಲ್ಲಿವೆ. 1363ರಲ್ಲಿ ಸಂಕಲಿತವಾದ ಶಾರ್ಙ್ಗಧರ ಪದ್ಧತಿಯ ಧನುರ್ವೇದ ಪ್ರಕರಣಕ್ಕೂ ಇದಕ್ಕೂ ಹಲವು ಶ್ಲೋಕಗಳು ಸಮಾನವಾಗಿವೆ. ಬಿಲ್ಲಿನಿಂದ ಪೀಡಿತನಾದವನಿಗೆ ಗುರಿ ಕಾಣಿಸದು, ಆದ್ದರಿಂದ ತನ್ನ ಬಲಕ್ಕೆ ತಕ್ಕ ಬಿಲ್ಲನ್ನೇ ಹಿಡಿಯಬೇಕು ಎಂಬುದು ಮೊದಲನೆಯದು. ಅಭ್ಯಾಸಕ್ಕೆ ಒಂದು ಬಿಲ್ಲು, ಯುದ್ಧಕ್ಕೆ ಇನ್ನೊಂದು ಎಂಬ ವಿಭಾಗವೂ ಇದೇ ತಿಳಿವಳಿಕೆಯಿಂದ ಬಂದದ್ದು. ಎರಡನೆಯ ವಿಧಿ ಇನ್ನೂ ಮಹತ್ವದ್ದು: ಆನೆಯ ಮೇಲಿನ ಯೋಧನಿಗೂ ಕುದುರೆ ಸವಾರನಿಗೂ ಶಾರ್ಙ್ಗ, ಎಂದರೆ ಕೊಂಬಿನ ಬಿಲ್ಲು, ರಥಿಕನಿಗೂ ಪದಾತಿಗೂ ಬಿದಿರಿನ ಬಿಲ್ಲು. ಕನ್ನಡದ 'ಸಿಂಗಾಡಿ' ಎಂಬ ಪದವನ್ನು ಬಲ್ಲವರಿಗೆ ಕೊಂಬಿನ ಬಿಲ್ಲು ಇಲ್ಲಿ ಅಪರಿಚಿತವಾಗಿರಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಶಸ್ತ್ರವಿನೋದಕ್ಕೆ ಸ್ಥಾನ ಕೊಟ್ಟದ್ದು ದೇವರಾಯನಿಗಿಂತ ಮುನ್ನೂರು ವರ್ಷ ಮೊದಲು.

ಹಾಗಾದರೆ ಬಹಮನಿ ಬಿಲ್ಲಾಳಿನ ಮೇಲುಗೈ ಎಲ್ಲಿತ್ತು? ಮರದ ತಿರುಳಿಗೆ ಒಳಬದಿಯಲ್ಲಿ ಕೊಂಬನ್ನೂ ಹೊರಬದಿಯಲ್ಲಿ ಪ್ರಾಣಿಯ ನರವನ್ನೂ ಅಂಟಿಸಿ ಮಾಡಿದ ತುರ್ಕಿ ಬಗೆಯ ಬಿಲ್ಲನ್ನು 'ಭಾರಿ' ಎನ್ನುವುದು ಸೆಳೆತದ ಅರ್ಥದಲ್ಲಿ ಮಾತ್ರ ಸರಿ. ತಕ್ಕಡಿಯಲ್ಲಿ ಅದು ಸಾಮಾನ್ಯವಾಗಿ ಅರ್ಧ ಕಿಲೋಗ್ರಾಮಿಗಿಂತ ಕಡಿಮೆ ತೂಗುತ್ತದೆ. ನಾಲ್ಕು ಹಸ್ತದ ಬಿದಿರಿನ ಬಿಲ್ಲಿನ ಅಡ್ಡಕೊಯ್ತ ಸರಾಸರಿ 5 ಚದರ ಸೆಂಟಿಮೀಟರ್ ಇದೆಯೆಂದೂ, ಒಣಬಿದಿರಿನ ಸಾಂದ್ರತೆ ನೀರಿನ 0.7ರಷ್ಟೆಂದೂ ಹಿಡಿದರೆ ಸುಮಾರು 630 ಗ್ರಾಂ ಆಗುತ್ತದೆ. ಎಂದರೆ ಹಗುರವಾದದ್ದು ಬಿದಿರಿನದಲ್ಲ, ಕೊಂಬಿನದು. ಅಂತರ ದೊಡ್ಡದೇನಲ್ಲ, ಒಂದು ಸೇಬಿನ ತೂಕದಷ್ಟು. ಆದರೆ ಉದ್ದವನ್ನು ಸೇರಿಸಿದಾಗ ಚಿತ್ರ ಬದಲಾಗುತ್ತದೆ. ಒಂದು ಕೋಲು ತಿರುಗುವಿಕೆಗೆ ಒಡ್ಡುವ ಜಡತ್ವ ಅದರ ತೂಕದೊಡನೆ ಏರುತ್ತದೆ, ಉದ್ದದ ವರ್ಗದೊಡನೆ ಏರುತ್ತದೆ. 1.8 ಮೀಟರ್ ಉದ್ದದ 630 ಗ್ರಾಂ ಬಿಲ್ಲನ್ನೂ 1.2 ಮೀಟರ್ ಉದ್ದದ 450 ಗ್ರಾಂ ಬಿಲ್ಲನ್ನೂ ಬಾಗನ್ನು ಗಣಿಸದೆ ಹೋಲಿಸಿದರೆ ಮೊದಲನೆಯದನ್ನು ಎಡಕ್ಕೆ ಬಲಕ್ಕೆ, ಮೇಲಕ್ಕೆ ಕೆಳಕ್ಕೆ ಓರೆಯಾಗಿಸಿ ತಿರುಗಿಸುವುದು ಮೂರು ಪಟ್ಟು ಕಷ್ಟ.

ನಿಂತ ಕಾಲಾಳಿಗೆ ಈ ಮೂರು ಪಟ್ಟು ಒಂದು ವರ. ಬಿಲ್ಲು ಓಲಾಡುವುದಿಲ್ಲ, ಗುರಿ ಹಿಡಿದಲ್ಲಿ ನಿಲ್ಲುತ್ತದೆ. ಓಡುವ ಕುದುರೆಯ ಮೇಲೆ ಅದೇ ಗುಣ ಶಾಪವಾಗುತ್ತದೆ. ಅಲ್ಲಿ ದೇಹವೇ ಪ್ರತಿ ನೆಗೆತಕ್ಕೂ ಏರಿಳಿಯುತ್ತಿರುತ್ತದೆ. ನೆಗೆತದ ಒಂದು ಕ್ಷಣದಲ್ಲಿ ಬಿಲ್ಲನ್ನು ಗುರಿಗೆ ತಂದು, ಬಿಟ್ಟು, ಕುದುರೆಯ ಕತ್ತಿನ ಇನ್ನೊಂದು ಬದಿಗೆ ದಾಟಿಸಬೇಕು. ಆಳೆತ್ತರದ ಬಿಲ್ಲನ್ನು ಹಾಗೆ ದಾಟಿಸಲಾಗದು. ಆದ್ದರಿಂದ ಫೆರಿಷ್ತಾ ಹೇಳುವ ಕುದುರೆ ಮತ್ತು ಬಿಲ್ಲಾಳು ಎಂಬ ಎರಡು ಕಾರಣಗಳನ್ನು ಎರಡಾಗಿ ಎಣಿಸುವುದೇ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಅವು ಒಂದೇ ಕಾರಣದ ಎರಡು ಮುಖಗಳು: ಕುದುರೆಯಿಲ್ಲದೆ ಹಗುರ ಬಿಲ್ಲಿಗೆ ವಿಶೇಷ ಪ್ರಯೋಜನವಿಲ್ಲ, ಹಗುರ ಬಿಲ್ಲಿಲ್ಲದೆ ಕುದುರೆಯ ಮೇಲಿನ ಬಿಲ್ಲಾಳಿಗೆ ಪ್ರಯೋಜನವಿಲ್ಲ.

ಹಗುರ ಬಿಲ್ಲಿಗೆ ತೆರಬೇಕಾದ ಬೆಲೆಯೂ ಇದೆ. ಅದು ಬಿಲ್ಲಾಳಿನ ತಪ್ಪನ್ನು ನುಂಗಿಕೊಳ್ಳುವುದಿಲ್ಲ. ಅಂಗೈಯ ಒತ್ತಡ ಸ್ವಲ್ಪ ಬದಿಗಾದರೂ ಬಿಲ್ಲು ತನ್ನ ಉದ್ದದ ಅಕ್ಷದ ಸುತ್ತ ತಿರುಚಿಕೊಳ್ಳುತ್ತದೆ. ಈ ತಿರುಚನ್ನು ತಡೆಯುವ ಜಡತ್ವ ಯಾವ ಸಾಂಪ್ರದಾಯಿಕ ಬಿಲ್ಲಿನಲ್ಲಿಯೂ ಇಲ್ಲವೆನ್ನುವಷ್ಟು ಕಡಿಮೆ, ಏಕೆಂದರೆ ಅದರ ಭಾರವೆಲ್ಲ ಆ ಅಕ್ಷಕ್ಕೆ ಅಂಟಿಕೊಂಡೇ ಇರುತ್ತದೆ. 1961ರಲ್ಲಿ ಅರ್ಲ್ ಹಾಯ್ಟ್ ಬಿಲ್ಲಿನ ಮುಂದಕ್ಕೆ ಚಾಚುವ ಭಾರದ ಕೋಲನ್ನು ಬಳಕೆಗೆ ತಂದದ್ದು ಈ ಕೊರತೆಯನ್ನು ತುಂಬಲು. ಮಧ್ಯಯುಗದ ಬಿಲ್ಲಾಳಿಗೆ ಇದ್ದ ಉಪಾಯ ಒಂದೇ: ವರ್ಷಾನುಗಟ್ಟಲೆ ಸಾಧನೆ. ಫೆರಿಷ್ತಾನ ಕಥೆಯಲ್ಲಿ ದೇವರಾಯ ಕೊಂಬಿನ ಬಿಲ್ಲುಗಳನ್ನು ತರಿಸಿದನೆಂಬ ಮಾತು ಮುಖ್ಯವಾಗಿ ಬರುವುದಿಲ್ಲ. ಬರುವುದು ಕಲಿಸುವವರನ್ನು ಕರೆಸಿದನೆಂಬ ಮಾತು. ಆಯುಧ ಗೊತ್ತಿತ್ತು, ಅದನ್ನು ಕುದುರೆಯ ಮೇಲೆ ನಿಖರವಾಗಿ ಬಳಸುವ ಅಭ್ಯಾಸಕ್ರಮ ವ್ಯಾಪಕವಾಗಿರಲಿಲ್ಲ ಎಂದು ಅರ್ಥಮಾಡಿದರೆ 60,000 ಎಂಬ ಸಂಖ್ಯೆಯ ಹಿಂದಿನ ಒತ್ತು ತಿಳಿಯುತ್ತದೆ. ಸಂಖ್ಯೆಯನ್ನು ಯಥಾವತ್ತಾಗಿ ನಂಬಬೇಕಿಲ್ಲ. ಫೆರಿಷ್ತಾ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ, ಘಟನೆ ನಡೆದು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಬರೆದವನು. ಸುಲ್ತಾನರ ಕಡೆಯ ಬಿಲ್ಲಾಳನ್ನು ಹೊಗಳುವ ಆಸಕ್ತಿ ಅವನಿಗಿತ್ತು. ಆದರೆ ಪ್ರಸಂಗವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಹಂಪಿಯಲ್ಲಿ ಅಹಮದ್ ಖಾನನೆಂಬ ಅಧಿಕಾರಿ 1439ರಲ್ಲಿ ದೇವರಾಯನ ಪುಣ್ಯಾರ್ಥವಾಗಿ ಕಟ್ಟಿಸಿ, ಶಾಸನದಲ್ಲಿ ಧರ್ಮಸಾಲೆಯೆಂದು ಕರೆದ ಮಸೀದಿ ಇಂದಿಗೂ ನಿಂತಿದೆ. 1443ರಲ್ಲಿ ದೇವರಾಯ ತುಂಗಭದ್ರೆಯನ್ನು ದಾಟಿ ಮುದಗಲ್ಲನ್ನು ಹಿಡಿದು ರಾಯಚೂರಿನ ಮೇಲೆ ಮುತ್ತಿಗೆ ಹಾಕಿದ್ದು ಈ ತರಬೇತಿಯ ನಂತರ. ಆ ದಂಡಯಾತ್ರೆ ನಿರ್ಣಾಯಕ ಜಯದಲ್ಲಿ ಮುಗಿಯಲಿಲ್ಲ. ಕೆಲವೇ ವರ್ಷಗಳ ಶಿಕ್ಷಣದಿಂದ ಹಗುರ ಬಿಲ್ಲು ಕೈಗೆ ಒಗ್ಗದೆಂಬುದಕ್ಕೆ ಇದನ್ನು ಸಾಕ್ಷ್ಯವೆನ್ನುವುದು ಅತಿಯಾದೀತು. ಯುದ್ಧದ ಫಲಕ್ಕೆ ಕಾರಣಗಳು ಅನೇಕ.

ಹವಾಮಾನದ ಒಂದು ಸಂಗತಿಯನ್ನೂ ಇಲ್ಲಿ ಸೇರಿಸಬೇಕು. ಕೊಂಬು ನರಗಳನ್ನು ಕೂಡಿಸುವ ಅಂಟು ತೇವಕ್ಕೆ ಸಡಿಲಗೊಳ್ಳುತ್ತದೆ. ಕಲಬುರಗಿ, ಬೀದರ, ರಾಯಚೂರಿನ ಒಣಹವೆಯಲ್ಲಿ ಬಾಳುವ ಬಿಲ್ಲು ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಒಂದು ಮಳೆಗಾಲವನ್ನು ಕಷ್ಟದಿಂದ ದಾಟುತ್ತದೆ. ವಿಜಯನಗರದ ಸೇನೆಗೆ ಈ ಎರಡೂ ಬಗೆಯ ನಾಡುಗಳಿಂದ ಜನ ಬರುತ್ತಿದ್ದರು. ಬಿದಿರನ್ನು ಬಿಡದೆ ಉಳಿಸಿಕೊಂಡದ್ದನ್ನು ಹಿಂದುಳಿದಿರುವಿಕೆ ಎನ್ನುವ ಮೊದಲು ಇದನ್ನು ಯೋಚಿಸಬೇಕು.

ಸುಮಾರು 1520ರಲ್ಲಿ ಕೃಷ್ಣದೇವರಾಯನ ಸೇನೆಯ ಪರಿವೀಕ್ಷಣೆಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಚಿನ್ನ ಬೆಳ್ಳಿಯ ತಗಡು ಹೊದಿಸಿದ ಬಿಲ್ಲುಗಳನ್ನೂ ನಯಗೊಳಿಸಿದ ಬಿಲ್ಲುಗಳನ್ನೂ ಅಚ್ಚುಕಟ್ಟಾಗಿ ಗರಿ ಕಟ್ಟಿದ ಬಾಣಗಳನ್ನೂ ಮೆಚ್ಚಿ ಬರೆದಿದ್ದಾನೆ. ತಗಡು ಹಿಡಿಗೆ ಮಾತ್ರವಿದ್ದರೆ ಅದರಿಂದ ಗುರಿಗೆ ಅನುಕೂಲವೇ ಆಗುತ್ತಿತ್ತು. ಬಾಹುಗಳ ಉದ್ದಕ್ಕೂ ಇದ್ದರೆ ಬಾಣದ ವೇಗ ತಗ್ಗುತ್ತಿತ್ತು, ಬಾಗುವಾಗ ತಗಡು ಏಳುತ್ತಿತ್ತು. ಎರಡನೆಯ ಬಗೆಯವು ಮೆರವಣಿಗೆಯ ಬಿಲ್ಲುಗಳೆಂದೇ ತಿಳಿಯಬೇಕು. ಅವನು ನಯಗೊಳಿಸಿದವುಗಳನ್ನು ಬೇರೆಯಾಗಿ ಹೇಳಿರುವುದು ಗಮನಾರ್ಹ.

ಮೊಗಲರ ಕಾಲದಿಂದ ಹೆಚ್ಚಾಗಿ ದೊರೆಯುವ ಉಕ್ಕಿನ ಬಿಲ್ಲುಗಳು ಈ ಚರ್ಚೆಗೆ ಬೇರೊಂದು ದಿಕ್ಕಿನಿಂದ ಬೆಳಕು ನೀಡುತ್ತವೆ. ಉಕ್ಕು ಬಿದಿರಿಗಿಂತ ಹನ್ನೊಂದು ಪಟ್ಟು ಸಾಂದ್ರವಾದುದು. ಬಾಹುಗಳನ್ನು ತೆಳುವಾಗಿ ಬಡಿದರೂ ಅವುಗಳ ತುದಿ ಭಾರವಾಗಿಯೇ ಉಳಿಯುತ್ತದೆ. ಕೈಯಲ್ಲಿ ಅಲುಗದೆ ನಿಲ್ಲುವ ಬಿಲ್ಲು ಬೇಕೆಂದರೆ ಇದಕ್ಕಿಂತ ಉತ್ತಮವಾದುದಿಲ್ಲ. ವೇಗದ ಬಾಣ ಬೇಕೆಂದರೆ ಇದಕ್ಕಿಂತ ಕೀಳಾದುದಿಲ್ಲ. ಆದರೂ ಅದನ್ನು ಮಾಡಿಸಿದರು, ಏಕೆಂದರೆ ಆಯುಧಶಾಲೆಯಲ್ಲಿ ಎಷ್ಟು ಮಳೆಗಾಲ ಕಳೆದರೂ ಅದರ ಅಂಟು ಬಿಡುವುದಿಲ್ಲ, ಹುಳು ಹಿಡಿಯುವುದಿಲ್ಲ. ಹಿಡಿಯ ಬಳಿ ತಿರುಪು ಬಿಚ್ಚಿ ಎರಡು ತುಂಡಾಗಿಸಬಹುದಾದ ಉಕ್ಕಿನ ಬಿಲ್ಲುಗಳೂ ಇವೆ. ಅಂಥ ಬಿಲ್ಲಿನಲ್ಲಿ ತಿರುಪಿನ ಕೂಡುಗಟ್ಟು ಮುಷ್ಟಿಯೊಳಗೇ ಬರುವುದರಿಂದ, ಹೆಚ್ಚಿನ ಲೋಹವೆಲ್ಲ ಭಾರದಿಂದ ನೆರವಾಗುವ ಜಾಗದಲ್ಲೇ ಬಂದು ಕೂರುತ್ತದೆ. ಸಂಗ್ರಹಗಳಲ್ಲಿರುವ ಬಿಲ್ಲುಗಳ ಉದ್ದ ಮತ್ತು ಅಲಂಕಾರಗಳ ಜೊತೆಗೆ ಒಟ್ಟು ತೂಕ, ಹಿಡಿಯ ತೂಕ, ಪ್ರತಿ ಬಾಹುವಿನ ಸಮತೋಲ ಬಿಂದು ಈ ಮೂರನ್ನು ಅಳೆದು ದಾಖಲಿಸಿದರೆ, ವೀರಗಲ್ಲುಗಳಲ್ಲಿ ಕಾಣುವ ಉದ್ದ ಮತ್ತು ಗಿಡ್ಡ ಬಿಲ್ಲುಗಳ ಪ್ರಮಾಣವನ್ನು ಅವುಗಳೊಡನೆ ಹೋಲಿಸಿ ನೋಡಲು ಸಾಧ್ಯವಾದೀತು.